ಬಿಲ್ಲಿಲ್ಲದ ಬ್ರೇಕ್ ಶೂ

ಮನೆ ಆದೋನಿಯಲ್ಲಿ, ಕೆಲಸ ಹೊಳಗುಂದದ ಕಡೆಯ ಒಂದು ಹಳ್ಳಿಯ ಜಿಲ್ಲಾ ಪರಿಷತ್ ಪ್ರೌಢಶಾಲೆಯಲ್ಲಿ. ಈ ಎರಡರ ನಡುವೆ ಆ ಕನ್ನಡ ಮೇಷ್ಟ್ರು ಹನ್ನೊಂದು ವರ್ಷಗಳಿಂದ ಒಂದೇ ಬೈಕಿನಲ್ಲಿ ಓಡಾಡುತ್ತಿದ್ದಾರೆ. 100 ಸಿಸಿಯ ಸಾಧಾರಣ ಗಾಡಿ. ಅದರ ಹಿಂದಿನ ಸೀಟಿನಲ್ಲಿ ಕುಳಿತೇ ಮಗಳು ಆರನೆಯ ತರಗತಿಯಿಂದ ಹತ್ತನೆಯ ತರಗತಿಗೆ ಬಂದಿದ್ದಾಳೆ. ಡಾಂಬರು ಬಿಟ್ಟು ಇಳಿದರೆ ಎರೆನೆಲ. ಬೇಸಿಗೆಯಲ್ಲಿ ಹಿಟ್ಟಿನಂಥ ದೂಳು. ಮಳೆ ಬಿದ್ದ ಮರುದಿನ ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಜಿಗುಟು ಮಣ್ಣು ತುಂಬಿ, ಚಕ್ರ ಸುತ್ತುವುದೇ ನಿಂತುಬಿಡುತ್ತದೆ. ಆಗ ಇಳಿದು ಜಾಲಿಕಡ್ಡಿಯಿಂದ ಕೆದಕಿ ತೆಗೆಯಬೇಕು. ಈ ಸೀಮೆಯ ಬೈಕುಗಳ ಆಯುಸ್ಸನ್ನು ಷೋರೂಮಿನ ಲೆಕ್ಕದಲ್ಲಿ ಅಳೆಯಲಾಗದು.

ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ, ಹಳ್ಳದ ಇಳಿಜಾರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಮೇಷ್ಟ್ರು ಹಿಂದಿನ ಬ್ರೇಕನ್ನು ಒತ್ತಿದರು. ಚಕ್ರದೊಳಗಿನಿಂದ ‘ಕರಕ್’ ಎಂದು ಸದ್ದು ಬಂತು, ಪೆಡಲು ಪೂರ್ತಿ ಕೆಳಗಿಳಿಯಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಬಿಗಿಹಿಡಿದಾಗ ಮರಳಿನ ಮೇಲೆ ಮುಂಚಕ್ರ ಜಾರಿತು. ಅವರ ಮೊಣಕಾಲು ತರಚಿತು, ಅಷ್ಟೇ. ಮಗಳ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರು. ಅರ್ಧವಾರ್ಷಿಕ ಪರೀಕ್ಷೆಯನ್ನು ಆಕೆ ಬರೆಯಲಾಗಲಿಲ್ಲ. ಇಬ್ಬರಿಗೂ ಹೆಲ್ಮೆಟ್ ಇದ್ದುದರಿಂದ ಮಾತು ಮಣಿಕಟ್ಟಿಗೇ ಮುಗಿಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದವರು ಒಬ್ಬರಲ್ಲ.

ಗಾಡಿಯನ್ನು ಆದೋನಿಯ ಹಳೆಯ ಗ್ಯಾರೇಜೊಂದಕ್ಕೆ ಆಟೊದಲ್ಲಿ ಹಾಕಿಕೊಂಡು ತಂದರು. ಅರವತ್ತು ದಾಟಿದ ಮೆಕ್ಯಾನಿಕ್ ಹಿಂಚಕ್ರ ಕಳಚಿ, ಡ್ರಮ್ಮು ತೆರೆದು, ಒಳಗಿದ್ದುದನ್ನು ಗೋಣಿತಟ್ಟಿನ ಮೇಲೆ ಸುರಿದರು. ಬ್ರೇಕ್ ಶೂ ಎಂಬುದು ಅರ್ಧಚಂದ್ರಾಕಾರದ ಅಲ್ಯೂಮಿನಿಯಂ ತುಂಡು. ಅದರ ಬೆನ್ನಿಗೆ ಘರ್ಷಣೆಯ ಲೈನಿಂಗ್ ಅಂಟಿರುತ್ತದೆ. ಒಳ್ಳೆಯ ಕಾರ್ಖಾನೆಯಲ್ಲಿ ಆ ಅಂಟನ್ನು ಶಾಖವಿಟ್ಟು, ಒತ್ತಡ ಹಾಕಿ ಕೂಡಿಸುತ್ತಾರೆ. ಇಲ್ಲಿ ಲೈನಿಂಗು ಇನ್ನೂ ದಪ್ಪಗಿತ್ತು, ಸವೆದಿರಲಿಲ್ಲ. ಆದರೆ ಹಳೆಯ ಲಕೋಟೆಯ ಅಂಚೆಚೀಟಿಯಂತೆ ಶೂವಿನಿಂದ ಇಡಿಯಾಗಿ ಬಿಟ್ಟುಕೊಂಡು, ಎರಡು ತುಂಡಾಗಿ ಒಳಗೆ ಬಿದ್ದಿತ್ತು.

“ಇದನ್ನ ಎಲ್ಲಿ ತಂದ್ರಿ ಮೇಷ್ಟ್ರೇ?”

ಮೇಷ್ಟ್ರು ತಲೆ ತಗ್ಗಿಸಿದರು. ಎರಡು ತಿಂಗಳ ಹಿಂದೆ ಸಂಬಳ ತಡವಾದಾಗ ಒಂದು ಅಂಗಡಿಯಲ್ಲಿ ತಾವೇ ಕೊಂಡು, ದಾರಿಬದಿಯ ಹುಡುಗನೊಬ್ಬನಿಂದ ಹಾಕಿಸಿದ್ದರು. ಕಂಪನಿಯ ಪೊಟ್ಟಣಕ್ಕೆ 260 ರೂಪಾಯಿ, ಇದಕ್ಕೆ 90. ಪ್ಲಾಸ್ಟಿಕ್ ಚೀಲದಲ್ಲಿ ಬಂದ ಜೋಡಿ. ಅದರ ಮೇಲೆ ಯಾರ ಹೆಸರೂ ಇದ್ದ ನೆನಪಿಲ್ಲ. ಉಳಿತಾಯ 170 ರೂಪಾಯಿ. ಆ ಅಂಗಡಿಗೆ ಹೋಗಿ ಕೇಳಿದಾಗ ಬಂದ ಉತ್ತರವನ್ನು ಊಹಿಸುವುದು ಕಷ್ಟವಲ್ಲ: “ಇದು ನಮ್ಮ ಅಂಗಡಿದು ಅಂತ ಏನು ಗುರುತು ಸಾರ್?” ಬಿಲ್ಲು ಇರಲಿಲ್ಲ. 90 ರೂಪಾಯಿಗೆ ಯಾರು ಬಿಲ್ಲು ಕೇಳುತ್ತಾರೆ?

ಮನೆಯಲ್ಲಿ ಅಂದಿನಿಂದ ಒಂದು ಶಾಸನ ಜಾರಿಗೆ ಬಂತು: ಗಾಡಿಗೆ ಇನ್ನು ಮುಂದೆ ಕಂಪನಿ ಮಾಲಲ್ಲದೆ ಬೇರೇನೂ ಹಾಕಿಸಕೂಡದು, ಕೊನೆಗೆ ಕನ್ನಡಿಯೂ ಕೂಡ. ಕೈಗೆ ಪ್ಲಾಸ್ಟರು ಹಾಕಿಕೊಂಡ ಮಗಳನ್ನು ದಿನವೂ ನೋಡುವ ತಾಯಿಯ ಮಾತಿಗೆ ಎದುರಾಡುವವರು ಯಾರು? ಆದರೆ ಮೆಕ್ಯಾನಿಕ್ ಆ ಮಾತನ್ನು ಒಪ್ಪಲಿಲ್ಲ. ಇಡೀ ಬೈಕಿಗೆ ಕಂಪನಿಯ ಪೊಟ್ಟಣಗಳನ್ನೇ ಹಾಕುತ್ತ ಹೋದರೆ ಹಳೆಯ ಗಾಡಿಯ ಬೆಲೆಗಿಂತ ಸಾಮಾನಿನ ಬೆಲೆಯೇ ಹೆಚ್ಚಾಗುತ್ತದೆ; ಆಗ ಮೇಷ್ಟ್ರು ನಿಜವಾಗಿ ಬೇಕಾದ ಕಡೆಯೂ ಕೈ ಹಿಡಿಯತೊಡಗುತ್ತಾರೆ. ಮಾಡಬೇಕಾದ ಕೆಲಸವನ್ನು ಮುಂದೂಡುವುದು ನಕಲಿ ಸಾಮಾನಿನಷ್ಟೇ ಅಪಾಯವೆಂಬುದು ಅವರ ವಾದ. ಅದರಲ್ಲಿ ಹುರುಳಿದೆ.

ಗೋಣಿತಟ್ಟಿನ ಮೇಲೆ ಅವರು ಆ ದಿನ ಜೋಡಿಸಿದ ಸಾಮಾನುಗಳೇ ಒಂದು ಪಾಠವಾಗಿತ್ತು. ಮೊದಲು ಒಂದು ಬೇರಿಂಗು. ಮಗಳನ್ನು ಕರೆದು, “ಇದರ ಅಂಚಿನ ಮೇಲೆ ಏನೈತಿ ಓದವ್ವಾ” ಎಂದರು. ಆಕೆ ಎಡಗೈಯಲ್ಲಿ ಹಿಡಿದು ಓದಿದಳು: 6301. ಆ ನಾಲ್ಕು ಅಂಕಿಗಳನ್ನು ಹೊತ್ತ ಬೇರಿಂಗು ಜಗತ್ತಿನಲ್ಲಿ ಎಲ್ಲೇ ತಯಾರಾಗಲಿ, ಒಳಗಿನ ರಂಧ್ರ 12 ಮಿಲಿಮೀಟರು, ಹೊರಗಿನ ಸುತ್ತು 37, ಅಗಲ 12. ಸ್ವೀಡನ್ ಮೂಲದ ಎಸ್‌ಕೆಎಫ್ ಮಾಡಿದರೂ ಅಷ್ಟೇ, ಜೈಪುರದ ಎನ್‌ಬಿಸಿ ಮಾಡಿದರೂ ಅಷ್ಟೇ. ಬೈಕು ಕಂಪನಿ ಬೇರಿಂಗನ್ನು ತಾನು ತಯಾರಿಸುವುದಿಲ್ಲ. ಇಂಥ ತಯಾರಕರಿಂದ ಕೊಂಡು ತನ್ನ ಪೊಟ್ಟಣಕ್ಕೆ ಹಾಕುತ್ತದೆ. ಅದೇ ತಯಾರಕರು ತಮ್ಮ ಹೆಸರಿನ ಪೊಟ್ಟಣದಲ್ಲಿಯೂ ಅಂಗಡಿಗೆ ಕೊಡುತ್ತಾರೆ, ಅದು ಕಡಿಮೆ ಬೆಲೆಗೆ ಸಿಗುತ್ತದೆ. ಚೈನಿನ ಕಥೆಯೂ ಹೀಗೆಯೇ. 428 ಎಂದು ಕೊಂಡಿಯ ಮೇಲೆ ಒತ್ತಿದ್ದರೆ ಎರಡು ಪಿನ್ನುಗಳ ನಡುವಿನ ಅಂತರ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರು. ಕೊಯಮತ್ತೂರಿನ ರೋಲಾನ್ ಚೈನು ಬೈಕಿನ ಕಾರ್ಖಾನೆಗೂ ಹೋಗುತ್ತದೆ, ಅಂಗಡಿಯ ಕಪಾಟಿಗೂ ಬರುತ್ತದೆ. ತಿರುಪತಿಯ ಪಕ್ಕದ ಕರಕಂಬಾಡಿಯ ಅಮರರಾಜ ಸಂಸ್ಥೆಯ ಬ್ಯಾಟರಿಯೂ ಹಾಗೆಯೇ. ಇವನ್ನೆಲ್ಲ ‘ಹೊರಗಿನ ಮಾಲು’ ಎಂದು ದೂರವಿಡುವುದು, ಹೆತ್ತ ತಾಯಿಯನ್ನು ಬಿಟ್ಟು ತೊಟ್ಟಿಲನ್ನು ನಂಬಿದ ಹಾಗೆ.

ಆದ್ದರಿಂದ ಅಂಗಡಿಯ ಗಲ್ಲೆಯ ಮುಂದೆ ಕೇಳಿಬರುವ ‘ಒರಿಜಿನಲ್ಲೋ ಲೋಕಲ್ಲೋ’ ಎಂಬ ಪ್ರಶ್ನೆಯೇ ಅರೆಬರೆಯದು. ಅಲ್ಲಿ ನಾಲ್ಕು ಬಗೆಯ ಸಾಮಾನುಗಳಿವೆ. ವಾಹನ ಕಂಪನಿಯ ಪೊಟ್ಟಣದ್ದು, ಅದಕ್ಕೆ ಮಾಡಿಕೊಡುವ ತಯಾರಕನ ಸ್ವಂತ ಪೊಟ್ಟಣದ್ದು, ಕಂಪನಿಗೆ ಮಾಡಿಕೊಡದಿದ್ದರೂ ತನ್ನ ಹೆಸರು, ವಿಳಾಸ ಹಾಕಿ ಮಾರುವ ಬೇರೆ ತಯಾರಕನದು, ಮತ್ತು ಹೆಸರಿಲ್ಲದ್ದು. ಹೆಸರಿಲ್ಲದ್ದಕ್ಕಿಂತಲೂ ಕೆಟ್ಟದ್ದು ಸುಳ್ಳು ಹೆಸರು ಹೊತ್ತದ್ದು. ಕಂಪನಿಯ ಲಾಂಛನವನ್ನೇ ಅಚ್ಚುಹಾಕಿ, ನೋಡಲು ಹಾಗೆಯೇ ಕಾಣುವ ಪೊಟ್ಟಣದಲ್ಲಿ ಬರುವ ನಕಲಿ. 90 ರೂಪಾಯಿಯ ಸಾಮಾನು ಕೊಂಡವನು ಅಗ್ಗವೆಂದು ಗೊತ್ತಿದ್ದೇ ಕೊಳ್ಳುತ್ತಾನೆ. ನಕಲಿಯನ್ನು ಕೊಂಡವನು ಪೂರ್ತಿ ದುಡ್ಡು ತೆತ್ತು ಮೋಸಹೋಗುತ್ತಾನೆ.

ಯಾವುದಕ್ಕೆ ಯಾವುದು? ಮೆಕ್ಯಾನಿಕ್ಕಿನ ಹಂಚಿಕೆ ಸರಳವಾಗಿತ್ತು. ಗಾಡಿಯನ್ನು ನಿಲ್ಲಿಸುವುದು, ತಿರುಗಿಸುವುದು, ನೆಲಕ್ಕೆ ಹಿಡಿದಿಡುವುದು: ಬ್ರೇಕ್ ಶೂ, ಬ್ರೇಕ್ ಕೇಬಲ್, ಹ್ಯಾಂಡಲಿನ ಕೋನ್ ಸೆಟ್, ಚಕ್ರದ ಬೇರಿಂಗು, ಟೈರು. ಇವುಗಳಲ್ಲಿ ಮೊದಲ ಎರಡು ಬಗೆಯನ್ನು ಬಿಟ್ಟು ಇಳಿಯಕೂಡದು. ಸೀಟಿನ ಕವರು, ಫುಟ್‌ರೆಸ್ಟಿನ ರಬ್ಬರು, ಕನ್ನಡಿ, ಇಂಡಿಕೇಟರಿನ ಗಾಜು, ಸ್ಟ್ಯಾಂಡಿನ ಸ್ಪ್ರಿಂಗು ಮುಂತಾದವಕ್ಕೆ ಮೂರನೆಯ ಬಗೆಯೇ ಸಾಕು. ಲೆಗ್‌ಗಾರ್ಡನ್ನು ವೆಲ್ಡಿಂಗ್ ಅಂಗಡಿಯವನು ಸರಿಮಾಡಿದರೂ ಆಕಾಶ ಬೀಳುವುದಿಲ್ಲ. ಆದರೆ ಒಂದು ವಸ್ತುವಿನ ವಿಷಯದಲ್ಲಿ ಅವರು ಬಹಳ ಹೊತ್ತು ನಿಂತರು. ಅದು ಏರ್ ಫಿಲ್ಟರು.

ಏರ್ ಫಿಲ್ಟರಿನಿಂದ ಯಾರೂ ಬೀಳುವುದಿಲ್ಲ, ಅದಕ್ಕೇ ಅದರ ಕಡೆ ಯಾರ ಗಮನವೂ ಇಲ್ಲ. ಎಂಜಿನ್ನು ಉಸಿರಾಡುವುದು ಅದರ ಮೂಲಕ. ಕಾಗದ ತೆಳುವಾಗಿದ್ದರೆ, ಅಥವಾ ಅಂಚಿನ ರಬ್ಬರು ಸರಿಯಾಗಿ ಕೂರದಿದ್ದರೆ, ಹೊಲದ ದಾರಿಯ ದೂಳು ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ನಿನ ರಿಂಗುಗಳನ್ನು ಮರಳುಕಾಗದದಂತೆ ಉಜ್ಜುತ್ತದೆ. ಕೆಲವು ತಿಂಗಳಲ್ಲಿ ಆಯಿಲ್ ಕುಡಿಯಲು ಶುರು, ಸೈಲೆನ್ಸರಿನಲ್ಲಿ ನೀಲಿ ಹೊಗೆ. ಎಂಜಿನ್ ಬಿಚ್ಚಿಸುವ ಖರ್ಚು ಬಂದಾಗ ಆ ಅಗ್ಗದ ಫಿಲ್ಟರಿನ ನೆನಪು ಯಾರಿಗೂ ಇರುವುದಿಲ್ಲ. ‘ಗಾಡಿ ಹಳೇದಾಯ್ತು’ ಎನ್ನುತ್ತಾರೆ. ಬೆಂಗಳೂರಿನ ರಸ್ತೆಗೆ ಸಾಕಾಗುವ ಫಿಲ್ಟರು ಆಲೂರು, ಹಾಲಹರ್ವಿ ಕಡೆಯ ಎರೆದೂಳಿಗೆ ಸಾಕಾಗದು. ಹೊಲದ ದಾರಿಯಲ್ಲಿ ಓಡುವ ಗಾಡಿಯ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿರುವುದಕ್ಕಿಂತ ಬೇಗ ಬದಲಿಸಬೇಕು.

ಕಂಪನಿ ಮಾಲೇ ಬೇಕೆನ್ನುವವರಿಗೆ ಆ ಮೆಕ್ಯಾನಿಕ್ ಕೊಡುತ್ತಿದ್ದ ಉತ್ತರ ಒಂದೇ: ಯೆಜ್ದಿ. ಹುಡುಗನಾಗಿ ಅವರು ಸ್ಪ್ಯಾನರು ಹಿಡಿದದ್ದೇ ಆ ಗಾಡಿಯ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನೂ, 1973ರಿಂದ ಯೆಜ್ದಿ ಹೆಸರಿನವನ್ನೂ ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಗೆ ಕಂಪನಿಯ ಸಾಮಾನಿನ ಬಾವಿ ಬತ್ತಿತು. ಆದರೂ ಕಿಕ್ಕರನ್ನೇ ಗೇರಿನ ಲಿವರಾಗಿ ಮಡಿಸುವ ಆ ಗಾಡಿಗಳು ಇಂದಿಗೂ ರಸ್ತೆಯಲ್ಲಿವೆ. ಹೇಗೆ? ಲೇತಿನಲ್ಲಿ ತಿರುಗಿಸಿದ ಪಿನ್ನು, ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಸಿಕಂದರಾಬಾದಿನ ರಾಣಿಗಂಜಿನಿಂದಲೋ ಹುಡುಕಿ ತಂದ ಸಾಮಾನು, ಗುಜರಿಯಿಂದ ಎತ್ತಿದ ಕ್ರ್ಯಾಂಕು. ಕಂಪನಿ ಸತ್ತ ಮೇಲೂ ಗಾಡಿ ಬದುಕಿರುವುದು ಹೊರಗಿನ ತಯಾರಕರ ದಯೆಯಿಂದ. ಜಾವಾ ಹೆಸರು 2018ರಲ್ಲಿ, ಯೆಜ್ದಿ ಹೆಸರು 2022ರಲ್ಲಿ ಮಾರುಕಟ್ಟೆಗೆ ಮರಳಿ ಬಂದಿವೆ, ನಿಜ. ಆದರೆ ಅವು ಬೇರೆಯೇ ಎಂಜಿನ್ನಿನ ಹೊಸ ಗಾಡಿಗಳು. ಹಳೆಯ ಟೂ ಸ್ಟ್ರೋಕ್ ಯೆಜ್ದಿಗೆ ಅವುಗಳ ಪಿಸ್ಟನ್ನು ಕೂರುವುದಿಲ್ಲ.

ಮೇಷ್ಟ್ರ ತಮ್ಮನದು ಇನ್ನೊಂದು ಬಗೆ. ಊರಿನಲ್ಲಿ ಹೊಲ ನೋಡಿಕೊಳ್ಳುವ ಆತನ ಬಳಿ ಒಂದು ಹಳೆಯ ಮಹೀಂದ್ರ ಜೀಪಿದೆ. ಹತ್ತಿ ಬಿಡಿಸುವವರನ್ನು ಕರೆದೊಯ್ಯುವುದು, ಗೊಬ್ಬರದ ಚೀಲ ಹೇರುವುದು, ಮಳೆಯಲ್ಲಿ ಸಿಕ್ಕಿಬಿದ್ದ ಟ್ರಾಲಿಗೆ ಹಗ್ಗ ಕಟ್ಟಿ ಎಳೆಯುವುದು ಅದರ ಕೆಲಸ. ಕೆಸರಿಗೆಂದು ಗಡುಸು ಗುಬ್ಬಿಗಳ ಅಗಲ ಟೈರು ಹಾಕಿಸಿ, ಜೀಪನ್ನು ಎತ್ತರಿಸಬೇಕೆಂಬ ಆಸೆ ಅವನಿಗೆ. ಎರೆಮಣ್ಣಿನಲ್ಲಿ ಆ ಗುಬ್ಬಿಗಳ ಸಂದು ಒಂದೇ ಸುತ್ತಿಗೆ ತುಂಬಿ ಟೈರು ಬೋಳಾಗುತ್ತದೆಂದೂ, ಡಾಂಬರಿನ ಮೇಲೆ ಅದೇ ಟೈರಿನ ಹಿಡಿತ ಕಡಿಮೆಯೆಂದೂ ಹೇಳಿದರೂ ಆತ ನಂಬಲಿಲ್ಲ. ಎತ್ತರಿಸಿದ ಜೀಪು ತಿರುವಿನಲ್ಲಿ ಸುಲಭವಾಗಿ ಮಗ್ಗುಲಾಗುತ್ತದೆ ಎಂಬುದನ್ನೂ ನಂಬಲಿಲ್ಲ. ಕೊನೆಗೆ ತಡೆದದ್ದು ಕಾನೂನು.

ಇಲ್ಲಿ ಜನ ಎರಡು ಸಂಗತಿಗಳನ್ನು ಬೆರೆಸಿಕೊಳ್ಳುತ್ತಾರೆ. ಸವೆದ ಭಾಗವನ್ನು ತೆಗೆದು ಅದೇ ಅಳತೆಯ ಬೇರೆ ತಯಾರಕನ ಭಾಗ ಹಾಕುವುದು ದುರಸ್ತಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯನ್ನು ಮಾರ್ಪಡಿಸುವುದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುವುದು ಈ ಎರಡನೆಯದನ್ನು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ಸದ್ದು ಮಾಡುವ ಸೈಲೆನ್ಸರು ಹಾಕಿಸಿ ಸಂಜೆ ಊರು ಸುತ್ತುವ ಹುಡುಗರಿಗೆ 190ನೆಯ ಕಲಮು ಬೇರೆ ಇದೆ: 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸಿನ ಅನರ್ಹತೆ. ಅಪಘಾತವಾದಾಗ ವಿಮಾ ಕಂಪನಿ ಮೊದಲು ಹುಡುಕುವುದೂ ಇಂಥ ಮಾರ್ಪಾಡುಗಳನ್ನೇ. ತಮ್ಮ ಜೀಪಿನ ಮುರಿದ ಕಮಾನುಪಟ್ಟಿಯನ್ನು ಮೊದಲಿನ ಅಳತೆಗೇ ಕಟ್ಟಿಸಿ ಸುಮ್ಮನಾದ.

ಹೊಸ ಗಾಡಿಯವರ ಭಯ ಮತ್ತೊಂದು. ಹೊರಗೆ ಮುಟ್ಟಿಸಿದರೆ ವಾರಂಟಿ ಹೋಗುತ್ತದೆ ಎಂದು. ಈ ಬೆದರಿಕೆಯ ಬಗ್ಗೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ ಒಂದು ದೊಡ್ಡ ಆದೇಶ ಕೊಟ್ಟಿದೆ. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಮಾರುಕಟ್ಟೆಗೆ ಸಿಗದಂತೆ ಬಿಗಿಹಿಡಿದಿದ್ದಕ್ಕಾಗಿ 14 ಕಾರು ಕಂಪನಿಗಳ ಮೇಲೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಮೆಕ್ಯಾನಿಕ್ಕಿನ ಬಳಿ ಹೋದನೆಂಬ ಒಂದೇ ಕಾರಣಕ್ಕೆ ಇಡೀ ವಾರಂಟಿಯನ್ನು ರದ್ದುಮಾಡುವಂತಿಲ್ಲ, ಆ ದುರಸ್ತಿಯಿಂದ ಕೆಟ್ಟದ್ದರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದಿತು. ಆದೇಶ ಮೇಲ್ಮನವಿಗೂ ಹೋಯಿತು. ಅದು ಕಾರುಗಳ ವಿಷಯ, ಬೈಕಿಗೆ ನೇರವಾಗಿ ಹೇಳಿದ್ದಲ್ಲ. ಆದರೂ ಅದರ ತರ್ಕ ನ್ಯಾಯವಾದದ್ದು. ಹಾಗೆಂದು ವಾರಂಟಿಯ ಅವಧಿಯಲ್ಲಿ ಹೊರಗೆ ಎಂಜಿನ್ ಬಿಚ್ಚಿಸುವುದು ಜಾಣತನವಲ್ಲ. ಕೈಯಲ್ಲಿ ಹಕ್ಕಿದ್ದರೂ ಅದನ್ನು ಸಾಧಿಸಲು ಕರ್ನೂಲಿಗೆ ಎಷ್ಟು ಸಲ ಬಸ್ಸು ಹತ್ತಬೇಕು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಆ 90 ರೂಪಾಯಿಯ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸರಕಿನ ದೋಷದಿಂದ ಗಾಯವಾದರೆ ತಯಾರಕನಿಂದ ಪರಿಹಾರ ಪಡೆಯಲು ಅವಕಾಶವಿದೆ. ತಯಾರಕ ಯಾರೆಂದೇ ತಿಳಿಯದಿದ್ದರೆ? ಆಗ ಮಾರಿದವನೇ ಹೊಣೆಗಾರನೆಂದು 86ನೆಯ ಕಲಮು ಹೇಳುತ್ತದೆ. ಹೆಸರಿಲ್ಲದ ಸಾಮಾನು ಮಾರುವ ಅಂಗಡಿಯವನು ತಿಳಿಯದೆಯೇ ಕಾರ್ಖಾನೆಯ ಮಾಲೀಕನ ಸ್ಥಾನದಲ್ಲಿ ನಿಂತಿರುತ್ತಾನೆ. ದೂರು ಕೊಡಲು ಎರಡು ವರ್ಷ ಕಾಲಾವಕಾಶ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಡಿನಾಡಿನವರಿಗೆ ಇನ್ನೊಂದು ಅನುಕೂಲವೂ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದರೂ, ಸಾಮಾನು ತರಲು ಬಳ್ಳಾರಿಗೆ, ಸಿರುಗುಪ್ಪಕ್ಕೆ ಹೋಗುವುದು ನಿಂತಿಲ್ಲ. ಮೊದಲಿನ ಕಾಯ್ದೆಯಲ್ಲಿ ಮಾರಿದವನಿರುವ ಕಡೆಗೋ ಘಟನೆ ನಡೆದ ಕಡೆಗೋ ಹೋಗಿ ದೂರು ಕೊಡಬೇಕಿತ್ತು. ಈಗ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಬಳ್ಳಾರಿಯ ಅಂಗಡಿಯವನು ಕರ್ನೂಲಿನ ಜಿಲ್ಲಾ ಆಯೋಗದ ಮುಂದೆ ಉತ್ತರ ಹೇಳಬೇಕಾಗುತ್ತದೆ.

ಇಷ್ಟೆಲ್ಲ ಇದ್ದರೂ ಮೇಷ್ಟ್ರಿಗೆ ಒಂದೂ ದಕ್ಕಲಿಲ್ಲ. ಆ ಅಂಗಡಿಯಲ್ಲಿ ಕೊಂಡದ್ದೆಂದು ತೋರಿಸುವ ಒಂದು ಚೂರು ಕಾಗದ ಅವರಲ್ಲಿರಲಿಲ್ಲ. 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ ಬಿಲ್ಲು ಕೊಡದಿದ್ದರೂ ಜಿಎಸ್‌ಟಿ ಕಾನೂನು ಸುಮ್ಮನಿರುತ್ತದೆ, ಗ್ರಾಹಕ ಕೇಳದಿದ್ದರೆ ಮಾತ್ರ. ಕೇಳಿದರೆ ಕೊಡಲೇಬೇಕು. ಪಾಪ, ಮೂವತ್ತು ಮಕ್ಕಳ ಹಾಜರಿಯನ್ನು ಒಂದು ದಿನವೂ ತಪ್ಪದೆ ಬರೆಯುವ ಮನುಷ್ಯ ಅಂಗಡಿಯಲ್ಲಿ ಬಾಯಿಬಿಡಲು ನಾಚಿಕೊಂಡರು.

ಜನವರಿಯಲ್ಲಿ ಮಗಳ ಕೈ ಸರಿಹೋಯಿತು. ಬರೆಯುವಾಗ ಬೇಗ ದಣಿಯುತ್ತದೆ, ಅಷ್ಟೇ. ಅದೇ ತಿಂಗಳು ಕ್ಲಚ್ ಕೇಬಲ್ಲು ತುಂಡಾಯಿತು. ಅಪ್ಪ ಮಗಳು ಇಬ್ಬರೂ ಬೇರೊಂದು ಅಂಗಡಿಗೆ ಹೋದರು. ಅಂಗಡಿಯವನು ಎರಡು ಪೊಟ್ಟಣ ಮುಂದಿಟ್ಟ. ಪೊಟ್ಟಣದ ಮೇಲೆ ತಯಾರಕನ ಹೆಸರು, ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಬೆಲೆ, ದೂರಿಗೆ ಸಂಪರ್ಕ, ಇಷ್ಟೂ ಇರಬೇಕೆಂಬುದು 2011ರ ನಿಯಮ. ಅದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು, ಕನ್ನಡವನ್ನಾಗಲಿ ತೆಲುಗನ್ನಾಗಲಿ ಅದು ಕೇಳುವುದಿಲ್ಲ. ಹುಡುಗಿ ಒಂದೊಂದನ್ನೇ ಬೆರಳಿಟ್ಟು ಓದಿದಳು. ಮೊದಲನೆಯದರಲ್ಲಿ ಎಲ್ಲ ಇತ್ತು. ಎರಡನೆಯದರಲ್ಲಿ ಹೊಳೆಯುವ ಬೈಕಿನ ಚಿತ್ರವೊಂದಿತ್ತು, ಬೆಲೆಯ ಚೀಟಿ ಇತ್ತು.

“ಅಪ್ಪಾ, ಇದನ್ನ ಎಲ್ಲಿ ಮಾಡಿದ್ದು ಅಂತಾನೇ ಇಲ್ಲ.”

ಮೇಷ್ಟ್ರು ಮೊದಲನೆಯದನ್ನು ತೆಗೆದುಕೊಂಡು, 140 ರೂಪಾಯಿ ಎಣಿಸಿಕೊಟ್ಟು, ಒಂದು ಬಿಲ್ಲು ಬರೆದುಕೊಡಿ ಎಂದರು.

“ಇಷ್ಟಕ್ಕೆಲ್ಲ ಯಾಕೆ ಸಾರ್ ಬಿಲ್ಲು?”

“ಇರಲಿ, ಬರೀರಿ. ಗಾಡಿ ನಂಬರು ಹೇಳ್ತೀನಿ.”

ಅಂಗಡಿಯವನು ಗಲ್ಲೆಯ ಕೆಳಗೆ ಬಗ್ಗಿ ಬಿಲ್ ಪುಸ್ತಕ ಹುಡುಕತೊಡಗಿದ. ಕಾರ್ಬನ್ ಹಾಳೆ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು.